ಕತೆ ಹೇಳುವ ಬಾಯಿಗಳು ಎಷ್ಟಿರಬೇಕು?

(ಯುವ ಬರಹಗಾರರ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕತೆ ಬರೆಯಲು ಹೊರಡುವವರು ವಸ್ತುವಿನ ಬಗ್ಗೆ ಬಹಳ ಯೋಚಿಸುತ್ತಾರೆ. ವರದಕ್ಷಿಣೆ, ತಲಾಕ್, ಬಡ್ಡಿ ಸಾಲ, ಗಲ್ಫಿನಲ್ಲಿರುವ ಗಂಡ, ಗಲಭೆಯಲ್ಲಿ ಸುಟ್ಟ ಅಂಗಡಿ - ನಮ್ಮಲ್ಲಿ ವಸ್ತುವಿಗೆ ಬರವಿಲ್ಲ. ಆದರೆ ಆ ಕತೆಯನ್ನು ಯಾರು ಹೇಳಬೇಕು, ಎಷ್ಟು ಮಂದಿ ಹೇಳಬೇಕು, ಅದು ಯಾರ ಕತೆಯಾಗಬೇಕು ಎಂದು ಬರೆಯುವ ಮೊದಲೇ ಕೇಳಿಕೊಳ್ಳುವವರು ವಿರಳ. ಇಂದು ನಾವು ಆ ಪ್ರಶ್ನೆಯನ್ನಷ್ಟೇ ಚರ್ಚಿಸೋಣ.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ನಿರೂಪಕ ಬೇರೆ, ಮುಖ್ಯ ಪಾತ್ರ ಬೇರೆ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಕಾದಂಬರಿಯನ್ನು ಗಮನಿಸಿರಿ. ಅಲ್ಲಿ ಕತೆ ಹೇಳುವವನು ಒಬ್ಬ ಕೃಷಿಕ. ಹಾರುವ ಓತಿಯ ಬೆನ್ನು ಹತ್ತಿದ ವಿಜ್ಞಾನಿ ಕರ್ವಾಲೊ ಅವನಲ್ಲ. ಕಾಡಿನ ಒಳಹೊರಗನ್ನು ಬಲ್ಲ ಮಂದಣ್ಣನೂ ಅವನಲ್ಲ. ವಿಜ್ಞಾನಿಯೇ ಕತೆ ಹೇಳಿದ್ದರೆ ಅದು ವರದಿಯಾಗುವ ಅಪಾಯವಿತ್ತು. ಮಂದಣ್ಣನಿಗೋ ತನಗೆ ತಿಳಿದಿರುವುದರ ಬೆಲೆಯೇ ತಿಳಿದಿಲ್ಲ. ಇವರಿಬ್ಬರ ನಡುವೆ ನಿಂತು ಅಚ್ಚರಿಪಡುವವನೊಬ್ಬ ಬೇಕಾಗಿತ್ತು. ಹೀಗೆ ಮುಖ್ಯ ಪಾತ್ರಗಳು ಹಲವಿದ್ದರೂ ನಿರೂಪಕ ಒಬ್ಬನೇ ಸಾಕಾದ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಇನ್ನೊಂದು ಬಗೆಯದು. ಗುತ್ತಿ-ತಿಮ್ಮಿ, ಐತ-ಪೀಂಚಲು, ಮುಕುಂದಯ್ಯ-ಚಿನ್ನಮ್ಮ ಇವರಲ್ಲಿ ನಾಯಕ ಯಾರು, ನಾಯಕಿ ಯಾರು? ಬೆರಳು ತೋರಿಸುವುದು ಕಷ್ಟ. ಅಲ್ಲಿ ಇಡೀ ಮಲೆನಾಡಿನ ಸಮಾಜವೇ ಕತೆ; ಆದ್ದರಿಂದ ಒಬ್ಬ ನಾಯಕ ಸಾಲುವುದಿಲ್ಲ. ಆದರೆ ಅದು ನೂರಾರು ಪುಟಗಳ ಕೃತಿ. ನಾಲ್ಕು ಪುಟಗಳ ಕತೆಯಲ್ಲಿ ಹತ್ತು ಪಾತ್ರಗಳನ್ನು ತುಂಬಿದರೆ ಓದುಗನಿಗೆ ಹೆಸರುಗಳಷ್ಟೇ ಸಿಗುತ್ತವೆ, ಮನುಷ್ಯರು ಸಿಗುವುದಿಲ್ಲ.

ಹಾಗಾದರೆ ಹಲವು ನಿರೂಪಕರು ಯಾವಾಗ ಬೇಕು? ಸತ್ಯವೇ ವಿವಾದದಲ್ಲಿರುವಾಗ. ಜಪಾನಿನ ಅಕುತಗಾವ 1922ರಲ್ಲಿ ಒಂದು ಸಣ್ಣ ಕತೆ ಬರೆದರು. ಬಿದಿರು ಮೆಳೆಯೊಂದರಲ್ಲಿ ಒಬ್ಬನ ಸಾವು, ಅದರ ಬಗ್ಗೆ ಏಳು ಮಂದಿಯ ಹೇಳಿಕೆ. ಕೊಂದವನು ನಾನೇ ಎನ್ನುತ್ತಾನೆ ದರೋಡೆಕೋರ. ಕೊಂದವಳು ನಾನೇ ಎನ್ನುತ್ತಾಳೆ ಹೆಂಡತಿ. ನನ್ನನ್ನು ನಾನೇ ಇರಿದುಕೊಂಡೆ ಎನ್ನುತ್ತದೆ ಸತ್ತವನ ಆತ್ಮ. ಮನುಷ್ಯ ತಪ್ಪಿಸಿಕೊಳ್ಳಲಿಕ್ಕಾಗಿ ಮಾತ್ರವಲ್ಲ, ತನ್ನ ಕಣ್ಣಿಗೆ ತಾನು ದೊಡ್ಡವನಾಗಿ ಕಾಣಲಿಕ್ಕಾಗಿಯೂ ಸುಳ್ಳು ಹೇಳುತ್ತಾನೆ ಎಂಬುದು ಒಂದೇ ಬಾಯಿಯಿಂದ ಹೊರಡಲಾರದು. ಕುರೊಸಾವ 1950ರಲ್ಲಿ ಇದೇ ಕತೆಯನ್ನು ಆಧರಿಸಿ 'ರಾಶೊಮಾನ್' ಚಿತ್ರ ಮಾಡಿದರು. ಇಲ್ಲಿ ನಮಗೊಂದು ಅಳತೆಗೋಲು ಸಿಗುತ್ತದೆ. ಒಬ್ಬ ನಿರೂಪಕನನ್ನು ತೆಗೆದು ನೋಡಿರಿ. ಕತೆಗೆ ನಷ್ಟವಾಗದಿದ್ದರೆ ಅವನು ಬೇಕಾಗಿರಲಿಲ್ಲ.

ಇನ್ನು ನಮ್ಮ ಮನೆಗಳ ಕತೆಗೆ ಬರೋಣ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್‌ರ ಸಂಕಲನದಲ್ಲಿ ಶಾಯಿಸ್ತಾ ಎಂಬಾಕೆಯ ಕತೆಯಿದೆ. ಹೆಂಡತಿಗಾಗಿ ಮಹಲು ಕಟ್ಟಿಸುವ ಮಾತಾಡುವ ಗಂಡ, ಆಕೆ ತೀರಿಕೊಂಡ ಸ್ವಲ್ಪ ಕಾಲದಲ್ಲೇ ಮರುಮದುವೆಯಾಗುತ್ತಾನೆ. ಇದನ್ನು ಹೇಳುವವಳು ಶಾಯಿಸ್ತಾ ಅಲ್ಲ, ಆ ಮನೆಗೆ ಬಂದು ಹೋಗುವ ಝೀನತ್. ಏಕೆ? ಶಾಯಿಸ್ತಾ ಕೊನೆಯವರೆಗೆ ಉಳಿಯುವುದಿಲ್ಲ. ಗಂಡನಿಗೆ ತನ್ನ ಮಾತಿನ ಮೇಲೆ ತನಗೇ ಮೋಹ. ಎರಡನ್ನೂ ಕಂಡವಳು, ಆ ಮಾತನ್ನೂ ಅದರ ಗತಿಯನ್ನೂ ಕಂಡವಳು ಝೀನತ್ ಒಬ್ಬಳೇ.

ಈಗ ವರದಕ್ಷಿಣೆಯ ಕತೆಯೊಂದನ್ನು ನಾವೇ ಕಟ್ಟೋಣ. ಸಾಲ ಮಾಡುವ ತಂದೆ, ಮೌನವಾಗಿರುವ ಮಗಳು, ಪಟ್ಟಿ ಕೊಡುವ ವರನ ತಾಯಿ, ಮತ್ತು ವರ. ನಮ್ಮ ಹೆಚ್ಚಿನ ಕತೆಗಳಲ್ಲಿ ತಂದೆ ಅಳುತ್ತಾನೆ, ಕೊನೆಗೆ ಹಿರಿಯರೊಬ್ಬರು ಬಂದು ಉಪದೇಶ ನೀಡುತ್ತಾರೆ. ಓದುಗ ತಲೆದೂಗುತ್ತಾನೆ, ಪುಟ ಮಗುಚುತ್ತಾನೆ, ಮರುದಿನ ತನ್ನ ಮಗನಿಗೆ ಹೆಣ್ಣು ನೋಡಲು ಹೋಗುತ್ತಾನೆ. ಅದರ ಬದಲು ವರನಿಂದಲೇ ಕತೆ ಹೇಳಿಸಿರಿ. 'ನಾನೇನೂ ಕೇಳಿಲ್ಲ, ಎಲ್ಲ ಮನೆಯವರ ತೀರ್ಮಾನ' ಎನ್ನುವ ಆ ಸಜ್ಜನ, ತನ್ನ ಹೊಸ ಬೈಕಿನ ಬಗ್ಗೆ, ಮದುವೆಯ ಊಟದ ಬಗ್ಗೆ, ಮಾವನ ಮನೆಯ ಗೋಡೆಯಿಂದ ಕಾಣೆಯಾದ ಗಡಿಯಾರದ ಬಗ್ಗೆ ಹೇಳುತ್ತಾ ಹೋಗಲಿ. ಅವನಿಗೆ ಅರ್ಥವಾಗದ್ದು ಓದುಗನಿಗೆ ಅರ್ಥವಾಗುತ್ತದೆ. ಉಪದೇಶಕನ ಅಗತ್ಯವೇ ಬೀಳುವುದಿಲ್ಲ. ಇಲ್ಲಿ ಒಬ್ಬನೇ ನಿರೂಪಕ ಸಾಕು; ಮಗಳ ಸ್ವಗತವನ್ನು ಸೇರಿಸಿದರೆ ಅವನ ಮಾತಿನ ಟೊಳ್ಳುತನವನ್ನು ನಾವೇ ಮೊದಲು ಬಯಲು ಮಾಡಿದಂತಾಗುತ್ತದೆ.

ಎಲ್ಲರಿಗೂ ಸಮಾನವಾಗಿ ಮಾತಾಡಲು ಬಿಡುವುದೇ ನ್ಯಾಯವಲ್ಲವೇ ಎಂದು ಕೆಲವರು ಕೇಳಬಹುದು. ಕತೆಯು ಪಂಚಾಯಿತಿ ಕಟ್ಟೆಯಲ್ಲ. ಮಗಳು ಒಂದು ಮಾತನ್ನೂ ಆಡದೆ, ತಟ್ಟೆಯನ್ನು ಇಟ್ಟುಹೋಗುವ ರೀತಿಯಲ್ಲೇ ಅವಳಿಗೆ ನ್ಯಾಯ ಒದಗಿಸಬಹುದು. ಪುಟಗಳ ಸಂಖ್ಯೆಯಿಂದ ನ್ಯಾಯವನ್ನು ಅಳೆಯಲಾಗದು.

ಆದರೆ ಗಲಭೆಯ ಕತೆಯಲ್ಲಿ ಲೆಕ್ಕ ಬದಲಾಗುತ್ತದೆ. ಗಲಭೆಯ ಮರುದಿನದ ಸುದ್ದಿಗೆ ಹೆಚ್ಚಾಗಿ ಒಬ್ಬನೇ ನಿರೂಪಕ - ಪೊಲೀಸ್ ಹೇಳಿಕೆ. ಬಂಧಿತನ ಹೆಸರು ಮುಖಪುಟದಲ್ಲಿ ಬರುತ್ತದೆ, ಅವನ ಮಾತು ಬರುವುದಿಲ್ಲ. ವರ್ಷಗಳ ನಂತರ ಅವನು ಖುಲಾಸೆಗೊಂಡರೆ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ಇಂತಹ ಕಡೆ ಇನ್ನೊಂದು ಬಾಯಿ ಬೇಕೇ ಬೇಕು. ಆದರೆ ಪೊಲೀಸ್ ಹೇಳಿಕೆಯ ಜಾಗದಲ್ಲಿ ನಮ್ಮದೊಂದೇ ಹೇಳಿಕೆಯನ್ನು ಕೂರಿಸಿದರೆ ಅದೂ ಒಂಟಿ ಬಾಯಿಯೇ. ಅಂಗಡಿ ಸುಟ್ಟುಹೋದವನ ಜೊತೆಗೆ, ಎದುರು ಮನೆಯ ಕಿಟಕಿಯಿಂದ ನೋಡಿ ಬಾಗಿಲು ತೆರೆಯದೆ ಉಳಿದ ನೆರೆಯವನೂ ಮಾತಾಡಲಿ. ಅವನು ಯಾವ ಧರ್ಮದವನಾದರೂ ಆಗಿರಲಿ.

ಕನ್ನಡ ಕತೆಗಳಲ್ಲಿ ಮುಸ್ಲಿಮ್ ಪಾತ್ರ ಬಹುಕಾಲ ಹಿನ್ನೆಲೆಯಲ್ಲೇ ಉಳಿದಿತ್ತೆಂಬ ದೂರು ನಮ್ಮದು. ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಡುವಿನಲ್ಲಿ ನಾದಿರಾ ಎಂಬ ಹೆಣ್ಣನ್ನು ನಿಲ್ಲಿಸಿದಾಗ ನಮ್ಮಲ್ಲೇ ಹಲವರಿಗೆ ಇರಿಸುಮುರಿಸಾಯಿತು. ಆ ಚರ್ಚೆಯನ್ನು ಇಲ್ಲಿ ಬೆಳೆಸುವ ಅಗತ್ಯವಿಲ್ಲ. ಇತರರ ಕತೆಗಳಲ್ಲಿ ನಮಗೆ ಬಾಯಿಲ್ಲವೆಂದು ದೂರುವವರು, ನಮ್ಮ ಕತೆಗಳಲ್ಲಿ ಯಾರಿಗೆ ಬಾಯಿಲ್ಲವೆಂದೂ ನೋಡಬೇಕಲ್ಲವೇ? ಮನೆಗೆಲಸದಾಕೆ, ಮದುವೆಯಾಗದೆ ಉಳಿದ ಅಕ್ಕ, ಮಗನ ಮನೆಯ ಮೂಲೆಯಲ್ಲಿರುವ ಅಜ್ಜಿ ಇವರೆಲ್ಲ ಚಹಾ ತಂದಿಟ್ಟು ಒಳಗೆ ಹೋಗುವವರಾಗಿಯೇ ಉಳಿಯಬೇಕೇ?

ಇಂದು ಸಂಜೆ ನೀವು ಬರೆಯಲಿರುವ ಕತೆಯ ಮೊದಲ ಪುಟವನ್ನು ಮೂವರ ಬಾಯಿಂದ ಮೂರು ಸಲ ಬರೆಯಿರಿ. ಅವರಲ್ಲಿ ಒಬ್ಬರು ನಿಮಗೆ ಇಷ್ಟವಿಲ್ಲದ ವ್ಯಕ್ತಿಯಾಗಿರಲಿ. ಯಾವ ಪುಟದಲ್ಲಿ ನಿಮಗೆ ಮೊದಲು ಗೊತ್ತಿಲ್ಲದಿದ್ದ ಸಂಗತಿ ಹೊರಬಂತೋ ಅದನ್ನು ಉಳಿಸಿಕೊಳ್ಳಿರಿ. ಎರಡು ಪುಟಗಳಲ್ಲಿ ಬಂದರೆ ಎರಡನ್ನೂ ನಾಳೆ ಬೆಳಿಗ್ಗೆ ತನ್ನಿರಿ, ಒಟ್ಟಿಗೆ ಓದೋಣ.