ಗಾಳ ಹಾಕುವವರ ಲೆಕ್ಕದ ಪುಸ್ತಕ



ಗಾಳ ಹಾಕಿ ಮೀನು ಹಿಡಿಯುವುದು ನಮಗೆ ಹೊಸದೇನಲ್ಲ. ಶಿರೋಳ, ಕೊಣ್ಣೂರುಗಳಿರುವ ನರಗುಂದ ಸೀಮೆಯಲ್ಲಿ ಮಲಪ್ರಭೆಯ ದಂಡೆಗೆ ಹೋದರೆ ಕೋಲು, ದಾರ, ಬೆಂಡು, ಎರೆಹುಳು ಇಷ್ಟೇ ಸಾಮಾನು ಹಿಡಿದು ನೀರು ನೋಡುತ್ತ ಕೂತವರು ಕಾಣಸಿಗುತ್ತಾರೆ. ಹಿಡಿದದ್ದು ಸಂಜೆಯ ಸಾರಿಗೆ ಸೇರುತ್ತದೆ. ಉತ್ತರ ಅಮೆರಿಕದ ಕಾಡಿನ ಸರೋವರಗಳಲ್ಲಿ ದೊಡ್ಡ ಬಾಯಿಯ ಬಾಸ್ ಮೀನಿಗೆ ಗಾಳ ಹಾಕುವುದು ಲಕ್ಷಾಂತರ ಜನರ ಹವ್ಯಾಸ. ಅಲ್ಲಿ ಅನೇಕರು ಮೀನನ್ನು ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುತ್ತಾರೆ. ಇಂಥದೇ ಆಟ ನಮ್ಮ ಕಾವೇರಿಯಲ್ಲೂ ಬಹುಕಾಲ ನಡೆಯಿತು. ಅದರಿಂದ ವಿಜ್ಞಾನಕ್ಕೆ ದೊರೆತ ಒಂದು ಪಾಠವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಕಾವೇರಿಯ ಆ ಮೀನಿನ ಹೆಸರು ಮಹಶೀರ್. ಬೆನ್ನು ಗೂನಾಗಿ ಉಬ್ಬಿದ, ಕಿತ್ತಳೆ ಬಣ್ಣದ ಈಜುರೆಕ್ಕೆಗಳ ಮಹಶೀರ್ ಈ ನದಿಯ ಸ್ವಂತ ಸೊತ್ತು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಅದರ ಮೂಲ ನೆಲೆಯಿಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಗಾಳಕ್ಕೆ ಸಿಕ್ಕಿಸಿದ ಮಹಶೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತು. ಒಬ್ಬ ವಯಸ್ಕ ಮನುಷ್ಯನ ತೂಕ!

ಮುಂದೆ ಸಿಡಿಮದ್ದು ಹಾಕಿ ಮೀನು ಕೊಲ್ಲುವ ದುರಭ್ಯಾಸ ಹೆಚ್ಚಿತು. ಮಹಶೀರ್ ಮುಗಿದೇಹೋಯಿತೆಂದು ಹಲವರು ಎಣಿಸಿದ್ದರು. 1977-78ರಲ್ಲಿ ಇಂಗ್ಲೆಂಡಿನಿಂದ ಬಂದ ಒಂದು ತಂಡ ದೊಡ್ಡ ಮೀನುಗಳು ಇನ್ನೂ ಇವೆಯೆಂದು ತೋರಿಸಿತು. ಆಮೇಲೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳು ಬಂದವು. ಗಾಳಕ್ಕೆ ಸಿಕ್ಕಿಸುತ್ತಿದ್ದ ತಿನಿಸು ರಾಗಿಹಿಟ್ಟಿನ ಉಂಡೆ. ಮೀನು ಎಳೆದುಕೊಂಡು ಓಡಿದರೆ ತೆಪ್ಪದಲ್ಲಿ ಕೂತು ಅದರ ಹಿಂದೆ ಹೋಗಬೇಕು. ಹೊಳೆಯ ಮರ್ಮ ಬಲ್ಲ ಊರಿನವರೇ ಅತಿಥಿಗಳಿಗೆ ದಾರಿ ತೋರಿಸುವವರು. ಹೊಳೆಯ ಕಾವಲಿಗೂ ಅವರೇ ಕಣ್ಣಾದರು. ಹಿಡಿದ ಮೀನನ್ನು ಬಿಡಲೇಬೇಕೆಂಬುದು ಕಟ್ಟುಪಾಡು.

ಶಿಬಿರದಲ್ಲಿ ಇನ್ನೂ ಒಂದು ಪದ್ಧತಿ ಇತ್ತು. ಎಷ್ಟು ಹೊತ್ತು ಗಾಳ ಹಾಕಿದರು, ಎಷ್ಟು ಮೀನು ಸಿಕ್ಕಿತು, ತೂಕವೆಷ್ಟು, ಯಾವ ಬಗೆಯದು ಎಂಬುದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಗಾಳಿಬೋರೆಯ 1998ರಿಂದ 2012ರವರೆಗಿನ ಈ ಬರಹಗಳನ್ನು ವಿಜ್ಞಾನಿಗಳು ಕೂಡಿಸಿ ನೋಡಿದರು. 6,000ಕ್ಕೂ ಹೆಚ್ಚು ಮೀನುಗಳ ಲೆಕ್ಕ ಅದು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು.

ಮೇಲುನೋಟಕ್ಕೆ ಸುದ್ದಿ ಸಂತೋಷದ್ದೇ. ಸಿಗುವ ಮಹಶೀರ್‌ಗಳ ಸಂಖ್ಯೆ ಏರಿತ್ತು. ಆದರೆ ಬಗೆಬಗೆಯಾಗಿ ವಿಂಗಡಿಸಿದಾಗ ಬೇರೆಯೇ ಚಿತ್ರ ಕಂಡಿತು. ಏರಿದ್ದು ನೀಲಿ ಈಜುರೆಕ್ಕೆಯ ಮಹಶೀರ್. ಗೂನುಬೆನ್ನಿನದು ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ಸಿಕ್ಕಿದವೂ ಹೆಚ್ಚಾಗಿ ದೊಡ್ಡವು, ಮರಿಗಳ ಸುಳಿವೇ ಕಡಿಮೆ. ಊರಲ್ಲಿ ಅಜ್ಜ-ಅಜ್ಜಿಯರು ಮಾತ್ರ ಉಳಿದು, ಯಾರ ಮನೆಯಲ್ಲೂ ತೊಟ್ಟಿಲು ಕಟ್ಟದಿದ್ದರೆ ಆ ಊರಿನ ಗತಿಯೇನು? ಹಾಗಾಗಿತ್ತು ಈ ಮೀನಿನ ಪಾಡು.

ನೀಲಿ ರೆಕ್ಕೆಯದು ಎಲ್ಲಿಂದ ಬಂತು? ಅದು ಕೃಷ್ಣಾ ಕಣಿವೆಯ ಮೀನು. ಶಿರೋಳದ ಸೀಮೆಯ ಮಲಪ್ರಭೆ ಕೂಡಲಸಂಗಮದಲ್ಲಿ ಸೇರುವುದೂ ಅದೇ ಕೃಷ್ಣೆಗೆ. ಲೋನಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ 1970ರ ದಶಕದಿಂದ ಇದರ ಮರಿಗಳನ್ನು ಬೆಳೆಸಿ ದೂರದೂರದ ನೀರುಗಳಿಗೆ ಕೊಟ್ಟರು, ಕಾವೇರಿಗೂ ಬಿಟ್ಟರು. ಮಹಶೀರ್ ಉಳಿಯಲಿ ಎಂಬುದೇ ಉದ್ದೇಶ. ಆದರೆ ಹೊಸಬ ಬೆಳೆದಂತೆ ಹಳಬನಿಗೆ ನೆಲೆ ತಪ್ಪಿತು. ಅಣೆಕಟ್ಟು, ಮರಳುಗಾರಿಕೆ, ಮಾಲಿನ್ಯಗಳ ಪೆಟ್ಟು ಇದರ ಜೊತೆಗೆ.

ಬಾಸ್ ಮೀನಿನ ಕಥೆಯೂ ಇದನ್ನೇ ಹೇಳುತ್ತದೆ. 1925ರಲ್ಲಿ ಅಮೆರಿಕದಿಂದ ಜಪಾನಿನ ಆಶಿ ಸರೋವರಕ್ಕೆ ತಂದುಬಿಟ್ಟ ಬಾಸ್ ಮುಂದೆ ದೇಶವೆಲ್ಲ ಹಬ್ಬಿ ಅಲ್ಲಿನ ಚಿಕ್ಕ ಮೀನುಗಳನ್ನು ನುಂಗತೊಡಗಿತು. 2005ರಲ್ಲಿ ಜಪಾನ್ ಕಾನೂನು ಮಾಡಿ ಅದನ್ನು ಸಾಕುವುದನ್ನೂ ಸಾಗಿಸುವುದನ್ನೂ ತಡೆಯಬೇಕಾಯಿತು.

ಗೂನುಬೆನ್ನಿನ ಮಹಶೀರ್‌ಗೆ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ: ಟಾರ್ ರೆಮಾದೇವಿ. ಭಾರತದ ಪ್ರಾಣಿವಿಜ್ಞಾನಿ ರೆಮಾದೇವಿಯವರ ಗೌರವಾರ್ಥ ಇಟ್ಟ ಹೆಸರು. ಅದೇ ವರ್ಷ ಅದು ಅಳಿವಿನ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಅಷ್ಟರಲ್ಲಿ, 2012ರಲ್ಲಿ, ಕಾವೇರಿ ವನ್ಯಧಾಮದೊಳಗೆ ಗಾಳದ ಆಟ ನಿಂತಿತ್ತು. ಸಂರಕ್ಷಿತ ಪ್ರದೇಶದ ಜೀವಿಯನ್ನು ವಿನೋದಕ್ಕಾಗಿ ನೋಯಿಸಬಾರದೆಂಬ ವಾದದಲ್ಲಿ ನ್ಯಾಯವಿದೆ. ಗಾಳದವರ ಜೊತೆಗೆ ಹೊಳೆ ಕಾಯುವ ಕಣ್ಣುಗಳೂ, ಆ ಲೆಕ್ಕದ ಪುಸ್ತಕವೂ ಹೋದವು ಎಂಬ ಕೊರಗಿನಲ್ಲೂ ನಿಜವಿದೆ. ಎರಡನ್ನೂ ತೂಗಿ ನೋಡುವ ಕೆಲಸ ನಿಮ್ಮ ತಲೆಮಾರಿನದು.

ಮಿತ್ರರೇ, ‘ಮೀನು ಬೇಕಾದಷ್ಟಿದೆ’ ಎಂದು ಯಾರಾದರೂ ಹೇಳಿದರೆ, ‘ಯಾವ ಮೀನು?’ ಎಂದು ಕೇಳಿ. ನಿಮ್ಮ ಊರಿನ ಹೊಳೆ, ಕೆರೆ, ಕಾಲುವೆಯಲ್ಲಿ ಯಾವ ಯಾವ ಮೀನುಗಳಿವೆ, ಊರಿನವರು ಅವನ್ನು ಏನೆಂದು ಕರೆಯುತ್ತಾರೆ, ಮೊದಲಿದ್ದು ಈಗ ಕಾಣದಿರುವುದು ಯಾವುದು, ಮರಿಗಳು ಯಾವ ತಿಂಗಳು ಕಾಣುತ್ತವೆ ಎಂದು ಬಲೆ ಹಾಕುವ ಹಿರಿಯರನ್ನು ಕೇಳಿ ತಾರೀಖಿನೊಡನೆ ಬರೆದಿಡಿ. ಮನೆಯ ಗಾಜಿನ ತೊಟ್ಟಿಯ ಮೀನು ಬೇಡವಾದರೆ ಕೆರೆಗೆ ಮಾತ್ರ ಬಿಡಬೇಡಿ. ನಾಲ್ಕಾಣೆಯ ನೋಟುಬುಕ್ಕಿನಂತೆ ಕಂಡ ಆ ಶಿಬಿರದ ಪುಸ್ತಕವಿಲ್ಲದಿದ್ದರೆ, ಒಂದು ಮೀನು ಕಣ್ಮರೆಯಾಗುತ್ತಿರುವುದು ನಮಗೆ ತಿಳಿಯುತ್ತಲೇ ಇರಲಿಲ್ಲ.