ಯೇಸುವಿನ ಮುಖ ಯಾವ ಊರಿನದು?

(ಚಿತ್ರಕಲಾ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಕೆಲವು ವರ್ಷಗಳ ಹಿಂದೆ ಮಂಗಳೂರಿನ ಬಾವುಟಗುಡ್ಡೆಯ ಮೇಲಿರುವ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಚಾಪೆಲ್‌ಗೆ ವಿದ್ಯಾರ್ಥಿಗಳ ತಂಡವೊಂದನ್ನು ಕರೆದುಕೊಂಡು ಹೋಗಿದ್ದೆ. ಹೊರಗೆ ಕರಾವಳಿಯ ಸುಡುಬಿಸಿಲು. ಒಳಗೆ ಕಾಲಿಟ್ಟೊಡನೆ ಹುಡುಗರ ಗದ್ದಲ ತಾನಾಗಿ ನಿಂತಿತು. ಗೋಡೆ, ಕಮಾನು, ಮಾಡು ಎನ್ನದೆ ಎಲ್ಲೆಲ್ಲೂ ಚಿತ್ರ. ಎಲ್ಲರೂ ಕತ್ತೆತ್ತಿ ನಿಂತಿದ್ದಾಗ ಒಬ್ಬ ಹುಡುಗ ನನ್ನ ಬಳಿ ಬಂದು ಮೆಲ್ಲಗೆ ಕೇಳಿದ: “ಸರ್, ಯೇಸು ನಿಜವಾಗಿ ನೋಡಲಿಕ್ಕೆ ಹೀಗೇ ಇದ್ದದ್ದಾ?”

ಆಗ ನಾನು ಏನೋ ಹೇಳಿ ಮುಂದೆ ಸಾಗಿದೆ. ಪ್ರಶ್ನೆ ಮಾತ್ರ ಉಳಿದುಕೊಂಡಿತು. ಇಂದು ನಿಮ್ಮೆದುರು ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಯೇಸುವಿನ ಜೀವನವನ್ನು ಹೇಳುವ ಸುವಾರ್ತೆಗಳು ನಾಲ್ಕು. ಆತ ಏನು ಹೇಳಿದ, ಯಾರ ಮನೆಯಲ್ಲಿ ಉಂಡ, ಯಾರನ್ನು ಮುಟ್ಟಿ ಗುಣಪಡಿಸಿದ ಎಂಬುದೆಲ್ಲ ಅವುಗಳಲ್ಲಿದೆ. ಆದರೆ ಆತನ ಬಣ್ಣ, ಎತ್ತರ, ಕೂದಲು, ಮುಖಚರ್ಯೆಗಳ ಬಗ್ಗೆ ಒಂದೇ ಒಂದು ಮಾತಿಲ್ಲ. ಎರಡು ಸಾವಿರ ವರ್ಷಗಳಲ್ಲಿ ಲೆಕ್ಕವಿಲ್ಲದಷ್ಟು ಸಲ ಚಿತ್ರಿತವಾದ ಮುಖಕ್ಕೆ ಮೂಲಗ್ರಂಥದಲ್ಲಿ ಆಧಾರವೇ ಇಲ್ಲ. ಹೀಗಾಗಿ ಗ್ರಂಥ ಮೌನವಾದ ಕಡೆಯಲ್ಲಿ ಚಿತ್ರಕಾರ ಮಾತನಾಡಲೇಬೇಕಾಯಿತು.

ಇಷ್ಟಕ್ಕೂ ಚಿತ್ರ ಬರೆಯಬಹುದೇ ಎಂಬುದೇ ಮೊದಲು ಇತ್ಯರ್ಥವಾಗಬೇಕಿತ್ತು. ಕ್ರೈಸ್ತಧರ್ಮ ಯೆಹೂದ್ಯ ಪರಂಪರೆಯಲ್ಲಿ ಹುಟ್ಟಿದ್ದು. ಮೋಶೆಯ ಹತ್ತು ಕಟ್ಟಳೆಗಳಲ್ಲಿ ವಿಗ್ರಹ ನಿಷೇಧವಿದೆ. ಆದರೂ ಯೂಫ್ರೆಟಿಸ್ ನದಿಯ ದಂಡೆಯಲ್ಲಿ, ಸಿರಿಯಾದ ದೂರಾ ಯೂರೋಪಸ್ ಎಂಬಲ್ಲಿ, 1930ರ ದಶಕದ ಆರಂಭದಲ್ಲಿ ಉತ್ಖನನ ನಡೆಸಿದಾಗ ಕ್ರಿ.ಶ. 240ರ ಸುಮಾರಿನ ಪ್ರಾರ್ಥನಾಗೃಹವೊಂದು ಸಿಕ್ಕಿತು. ಸಾಮಾನ್ಯವಾದ ಒಂದು ವಾಸದ ಮನೆ. ಅದರ ಗೋಡೆಯ ಮೇಲೆ ಯೇಸು ಪಾರ್ಶ್ವವಾಯು ರೋಗಿಯನ್ನು ಗುಣಪಡಿಸುವ ದೃಶ್ಯವಿದೆ. ಈವರೆಗೆ ದೊರೆತಿರುವ ಯೇಸುವಿನ ಅತ್ಯಂತ ಹಳೆಯ ಚಿತ್ರಗಳಲ್ಲಿ ಇದೂ ಒಂದು. ಅಲ್ಲಿನ ಯೇಸುವಿಗೆ ಗಡ್ಡವಿಲ್ಲ, ಇಳಿಬಿದ್ದ ಕೂದಲಿಲ್ಲ. ಅವನು ಆ ಕಾಲದ ರೋಮನ್ ಸಾಮ್ರಾಜ್ಯದ ಒಬ್ಬ ತರುಣ, ಅಷ್ಟೆ. ಇಂದು ನಾವು ಕ್ಯಾಲೆಂಡರುಗಳಲ್ಲಿ ನೋಡುವ ಗಡ್ಡದ, ಉದ್ದ ಕೂದಲಿನ ಮುಖ ಅನಂತರದ ಶತಮಾನಗಳಲ್ಲಿ ರೂಢಿಗೆ ಬಂದದ್ದು.

ಕ್ರಿ.ಶ. 600ರ ಸುಮಾರಿಗೆ ಫ್ರಾನ್ಸಿನ ಮಾರ್ಸೆಯ ಬಿಷಪ್ಪರೊಬ್ಬರು ತಮ್ಮ ಚರ್ಚಿನ ಚಿತ್ರಗಳನ್ನು ಒಡೆದುಹಾಕಿದಾಗ ಪೋಪ್ ಗ್ರೆಗೊರಿ ಅವರಿಗೆ ಪತ್ರ ಬರೆದರು. ಚಿತ್ರವನ್ನು ಪೂಜಿಸಬಾರದು ನಿಜ. ಆದರೆ ಓದುಬಾರದವನು ಪುಸ್ತಕದಲ್ಲಿ ಕಾಣಲಾರದ್ದನ್ನು ಗೋಡೆಯ ಮೇಲೆ ಓದುತ್ತಾನೆ, ಅದನ್ನು ಕಿತ್ತುಕೊಳ್ಳಬೇಡಿ ಎಂಬುದು ಅದರ ತಾತ್ಪರ್ಯ. ಆದರೂ ವಿವಾದ ತೀರಲಿಲ್ಲ. ಎಂಟನೆಯ ಶತಮಾನದಲ್ಲಿ ಬೈಜಾಂಟಿಯಮ್ ಚಕ್ರವರ್ತಿಗಳು ಪ್ರತಿಮೆಗಳನ್ನು ನಾಶಮಾಡಿಸಿದರು. ಕೊನೆಗೆ 787ರ ನೈಸಿಯಾ ಮಹಾಸಭೆ, ಚಿತ್ರಕ್ಕೆ ಸಲ್ಲುವ ಗೌರವ ಚಿತ್ರದಲ್ಲಿರುವವರಿಗೆ ಸಲ್ಲುತ್ತದೆಯೇ ಹೊರತು ಬಣ್ಣಕ್ಕೂ ಹಲಗೆಗೂ ಅಲ್ಲ ಎಂದು ತೀರ್ಮಾನಿಸಿತು. ಸ್ಥಾವರ-ಜಂಗಮಗಳ ಚರ್ಚೆಯನ್ನು ಬಲ್ಲ ಕನ್ನಡಿಗರಿಗೆ ಇಂಥ ವಾದ ಅಪರಿಚಿತವೇನಲ್ಲ.

ಚಿತ್ರ ಇರಬಹುದು ಎಂದಾದ ಮೇಲೆ ಹೇಗಿರಬೇಕು ಎಂಬ ಜಗಳ. ಇಟಲಿಯ ವೆನಿಸ್ ನಗರದ ವೆರೊನೀಸ್ ಎಂಬ ಕಲಾವಿದ 1563ರಲ್ಲಿ ‘ಕಾನಾ ಊರಿನ ಮದುವೆ’ಯನ್ನು ಚಿತ್ರಿಸಿದ. ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಪ್ರಸಂಗ ಅದು. ಕಾನಾ ಎಂಬುದು ಗಲಿಲೇಯ ಸೀಮೆಯ ಹಳ್ಳಿ. ಆದರೆ ವೆರೊನೀಸನ ಚಿತ್ರದಲ್ಲಿ ಅಮೃತಶಿಲೆಯ ಕಂಬಗಳು, ರೇಷ್ಮೆ ಉಟ್ಟ ಸಿರಿವಂತರು, ವಾದ್ಯಗಾರರು. ಅಕ್ಷರಶಃ ವೆನಿಸ್ಸಿನ ಮದುವೆಮನೆ! ಹತ್ತು ವರ್ಷಗಳ ಬಳಿಕ ಅವನು ಯೇಸುವಿನ ಕೊನೆಯ ಭೋಜನವನ್ನು ಬರೆದಾಗ ಅದರಲ್ಲಿ ಕುಳ್ಳರನ್ನೂ ನಾಯಿಯನ್ನೂ ಜರ್ಮನ್ ಸೈನಿಕರನ್ನೂ ಸೇರಿಸಿದ. ಧಾರ್ಮಿಕ ವಿಚಾರಣಾ ಮಂಡಲಿ ಅವನನ್ನು ಕರೆಸಿ, ಪವಿತ್ರ ಭೋಜನದಲ್ಲಿ ಇವರಿಗೇನು ಕೆಲಸ ಎಂದು ಕೇಳಿತು. ಚಿತ್ರ ತಿದ್ದಬೇಕೆಂದು ಆಜ್ಞೆಯಾಯಿತು. ವೆರೊನೀಸ್ ಚಿತ್ರ ತಿದ್ದುವ ಬದಲು ಹೆಸರನ್ನೇ ತಿದ್ದಿದ. ‘ಲೇವಿಯ ಮನೆಯ ಔತಣ’ ಎಂದು ಬರೆದು ಪಾರಾದ. ಶಾಸ್ತ್ರಕ್ಕೂ ಕುಂಚಕ್ಕೂ ನಡುವೆ ಇಂಥ ಹಗ್ಗಜಗ್ಗಾಟ ಹಿಂದಿನಿಂದಲೂ ಇದೆ.

ಇದೇ ಇಟಲಿಯಿಂದ ನಮ್ಮ ಮಂಗಳೂರಿಗೆ ಬಂದವರು ಅಂತೋನಿಯೊ ಮೊಸ್ಕೇನಿ. 1854ರ ಜನವರಿ 17ರಂದು ಬೆರ್ಗಾಮೊ ಬಳಿಯ ಸ್ತೆಜ್ಜಾನೊದಲ್ಲಿ ಹುಟ್ಟಿದ ಅವರು ಬೆರ್ಗಾಮೊದ ಕರಾರಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತರು. 1889ರಲ್ಲಿ, ತಮ್ಮ 35ನೆಯ ವಯಸ್ಸಿನಲ್ಲಿ, ಯೇಸುಸಭೆಯನ್ನು, ಅಂದರೆ ಜೆಸ್ವಿತ್ ಸಂಘವನ್ನು ಸೇರಿದರು. ಪಾದ್ರಿಯಾಗಲಿಲ್ಲ, ಬ್ರದರ್ ಆಗಿಯೇ ಉಳಿದರು. ಸಂಘ ಅವರನ್ನು ಮಂಗಳೂರಿಗೆ ಕಳುಹಿಸಿತು. ಜೆಸ್ವಿತರು ಮಂಗಳೂರಿಗೆ ಬಂದದ್ದು 1878ರ ಕೊನೆಯಲ್ಲಿ. ಕಾಲೇಜು ಪ್ರಾರಂಭವಾದದ್ದು 1880ರಲ್ಲಿ. ಅದೇ ದಶಕದಲ್ಲಿ ಚಾಪೆಲ್ ಕಟ್ಟಿದ್ದರೂ ಅದಕ್ಕೆ ಬಣ್ಣದ ಬದುಕು ಬಂದದ್ದು ಮೊಸ್ಕೇನಿ 1899ರಲ್ಲಿ ಅಟ್ಟಣಿಗೆ ಏರಿದ ಮೇಲೆ. ಸುಮಾರು ಎರಡು ವರ್ಷಗಳಲ್ಲಿ ಅವರು ಅಷ್ಟೂ ಗೋಡೆ, ಮಾಡುಗಳನ್ನು ತುಂಬಿದರು.

ಚಿತ್ರಕಲೆಯ ವಿದ್ಯಾರ್ಥಿಗಳಾದ ನೀವು ಅವರ ಕೆಲಸದ ರೀತಿಯನ್ನು ತಿಳಿಯಬೇಕು. ಗೋಡೆಯ ಚಿತ್ರಗಳು ಹಸಿ ಗಾರೆಯ ಭಿತ್ತಿಚಿತ್ರಗಳು. ಸುಣ್ಣ, ಮರಳಿನ ಗಾರೆ ಒಣಗುವ ಮೊದಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯನ್ನು ಹೀರಿ ಮತ್ತೆ ಕಲ್ಲಾಗುವಾಗ ಬಣ್ಣ ಅದರೊಳಗೆ ಸೆರೆಯಾಗುತ್ತದೆ. ಆದ್ದರಿಂದ ಒಂದು ದಿನದಲ್ಲಿ ಮುಗಿಸಬಲ್ಲಷ್ಟೇ ಗಾರೆ ಮೆತ್ತಬೇಕು. ತಪ್ಪಾದರೆ ಒರೆಸುವಂತಿಲ್ಲ, ಕೆತ್ತಿ ತೆಗೆದು ಹೊಸದಾಗಿ ಮೆತ್ತಬೇಕು. ಸುಣ್ಣದ ಖಾರವನ್ನು ತಾಳುವ ಬಣ್ಣಗಳೂ ಕಡಿಮೆ. ಕಾವಿಯಂಥ ಮಣ್ಣಿನ ಬಣ್ಣಗಳೇ ಹೆಚ್ಚು ನಂಬಿಕಸ್ಥವು. ಮಾಡಿನ ಚಿತ್ರಗಳಾದರೋ ಕ್ಯಾನ್ವಾಸಿನ ಮೇಲೆ ತೈಲವರ್ಣದವು. ಮಳೆಗಾಲದಲ್ಲಿ ಗೋಡೆಗಳೇ ಬೆವರುವ ಊರಿನಲ್ಲಿ ಇವು ಉಳಿದಿರುವುದು ಸಣ್ಣ ಮಾತಲ್ಲ. 1990ರ ದಶಕದ ಆರಂಭದಲ್ಲಿ ಇನ್‌ಟ್ಯಾಕ್ ಸಂಸ್ಥೆಯ ಲಖನೌ ಕೇಂದ್ರದ ತಜ್ಞರು ಇವುಗಳ ಸಂರಕ್ಷಣಾ ಕಾರ್ಯ ಕೈಗೊಂಡರು.

ಮಾಡಿನ ನಡುಸಾಲಿನಲ್ಲಿರುವುದು ಸಂತ ಅಲೋಶಿಯಸ್ ಗೊನ್ಜಾಗನ ಜೀವನ. ಇಳಿಜಾರಿನಲ್ಲಿ ಯೇಸುವಿನ ಪ್ರೇಷಿತರು. ಅಲೋಶಿಯಸ್ 1568ರಲ್ಲಿ ಹುಟ್ಟಿದ ರಾಜಕುಮಾರ. ರಾಜ್ಯವನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿದ. ರೋಮಿನಲ್ಲಿ ಸಾಂಕ್ರಾಮಿಕ ಜ್ವರ ಹಬ್ಬಿದಾಗ ಬೀದಿಯಲ್ಲಿ ಬಿದ್ದಿದ್ದ ರೋಗಿಗಳನ್ನು ಎತ್ತಿ ತಂದು ಶುಶ್ರೂಷೆ ಮಾಡಿ, 1591ರಲ್ಲಿ, 23ನೆಯ ವಯಸ್ಸಿಗೆ ಸತ್ತ. ಇದು ಬೈಬಲ್ ಕಥೆಯಲ್ಲವಲ್ಲ ಎನ್ನಬಹುದು. ಆದರೆ ರೋಗಿಯ ಸೇವೆ ತನ್ನದೇ ಸೇವೆ ಎಂದು ಯೇಸು ಹೇಳಿದ ಮಾತು ಮತ್ತಾಯನ ಸುವಾರ್ತೆಯಲ್ಲಿದೆ. ಮೊಸ್ಕೇನಿ ಆ ಮಾತನ್ನು ಬರೆದಿಡುವ ಬದಲು, ಅದರಂತೆ ಬದುಕಿದ ಹುಡುಗನನ್ನು ತೋರಿಸಿದರು.

ಈ ಚಿತ್ರಗಳ ಕಾಲವನ್ನು ನೆನಪಿಡಿ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. 1898ರಲ್ಲಿ ಬೆಂಗಳೂರನ್ನು ತಲುಪಿತು. ಊರಿಗೆ ಊರೇ ಖಾಲಿಯಾಗಿ ಜನ ಹೊರವಲಯದ ಗುಡಿಸಲುಗಳಲ್ಲಿ ದಿನ ದೂಡಿದ ಕಾಲ ಅದು. ಅದರ ಮರುವರ್ಷವೇ ಮೊಸ್ಕೇನಿ ಕುಂಚ ಹಿಡಿದದ್ದು. ಆಗಿನ ವಿದ್ಯಾರ್ಥಿಗೆ ಮಹಾಮಾರಿ ಎಂಬುದು ಇಟಲಿಯ ಹಳೆಯ ಕಥೆಯಾಗಿರಲಿಲ್ಲ. ರೋಗಿಯನ್ನು ಮುಟ್ಟುವುದೋ ಬಿಟ್ಟು ಓಡುವುದೋ ಎಂಬ ಪ್ರಶ್ನೆ ಅವನ ಮನೆಬಾಗಿಲಿನದೇ ಆಗಿತ್ತು. ಆ ದಿನಗಳಲ್ಲಿ ಬಲಿಪೂಜೆ ನಡೆಯುತ್ತಿದ್ದದ್ದು ಲ್ಯಾಟಿನ್ ಭಾಷೆಯಲ್ಲಿ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಪಾಠಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಆಡುವ ಜನರಿಗೆ ಆ ಮಂದಿರದೊಳಗೆ ದುಭಾಷಿಯ ಹಂಗಿಲ್ಲದೆ ಮಾತನಾಡಿದ್ದು ಈ ಚಿತ್ರಗಳೇ ಇರಬೇಕು.

ಮೊಸ್ಕೇನಿ ಮತ್ತೆ ತಾಯ್ನಾಡು ಕಾಣಲಿಲ್ಲ. ಕೊಚ್ಚಿಯ ಸಾಂತಾಕ್ರೂಜ್ ಕೆಥೆಡ್ರಲಿನ ಅಲಂಕಾರದಲ್ಲಿ ತೊಡಗಿದ್ದಾಗ ಭೇದಿಯಿಂದ ನರಳಿ, 1905ರ ನವೆಂಬರ್ 15ರಂದು ತೀರಿಕೊಂಡರು. ಮಂದಿರದ ಪ್ರತಿಷ್ಠೆಗೆ ಆಗ ನಾಲ್ಕು ದಿನ ಬಾಕಿಯಿತ್ತು.

ಇಷ್ಟಾದರೂ ಅವರು ಚಿತ್ರಿಸಿದ ಮುಖಗಳು ಬೆರ್ಗಾಮೊದ ಮುಖಗಳೇ. ಇಲ್ಲಿ ಒಂದು ಸೋಜಿಗವಿದೆ. ಅದೇ ಮಂಗಳೂರಿಗೆ 1853ರಲ್ಲಿ ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ ಬಂದಿದ್ದರು. ಕನ್ನಡಕ್ಕೆ ನಿಘಂಟು ಕೊಟ್ಟ ಕಿಟ್ಟೆಲ್ ಅವರು ‘ಕಥಾಮಾಲೆ’ ಎಂಬ ಕಾವ್ಯದಲ್ಲಿ ಯೇಸುವಿನ ಜೀವನವನ್ನು ಕನ್ನಡ ಛಂದಸ್ಸಿನಲ್ಲಿ ಹೇಳಿದರು. ಅದು ಪ್ರಕಟವಾದದ್ದು 1862ರಲ್ಲಿ. ಅಂದರೆ ಶಬ್ದದಲ್ಲಿ ಯೇಸು ಕನ್ನಡಿಗನಾದ ಮೂರೂವರೆ ದಶಕಗಳ ನಂತರವೂ ಬಣ್ಣದಲ್ಲಿ ಇಟಲಿಯವನಾಗಿಯೇ ಇದ್ದ! ಪ್ರಾಟೆಸ್ಟಂಟರು ಶಬ್ದವನ್ನು ನಂಬಿ ಗೋಡೆಯನ್ನು ಖಾಲಿ ಬಿಟ್ಟರು. ಕ್ಯಾಥೊಲಿಕರು ಗೋಡೆಯನ್ನು ತುಂಬಿದರು, ಆದರೆ ಮುಖ ಬದಲಿಸಲಿಲ್ಲ.

ಮುಖ ಬದಲಿಸಲು ಹೊರಟವರಿಗೆ ಏನಾಯಿತು? ಗೋವಾದ ಆಂಜೆಲೊ ದ ಫೊನ್ಸೆಕ (1902–1967) ಶಾಂತಿನಿಕೇತನದ ಪರಂಪರೆಯಲ್ಲಿ, ಅವನೀಂದ್ರನಾಥ ಠಾಕೂರ್ ಮತ್ತು ನಂದಲಾಲ್ ಬೋಸರ ಬಳಿ ಕಲಿತವರು. ಅವರ ಮರಿಯಮ್ಮ ಸೀರೆ ಉಟ್ಟವಳು, ನಮ್ಮ ಹೆಂಗಸರಂತೆ ಕಂದು ಮೈಬಣ್ಣದವಳು. ಆಗ ಪೋರ್ಚುಗೀಸರ ಆಡಳಿತದಲ್ಲಿದ್ದ ಗೋವಾದ ಸಂಪ್ರದಾಯಸ್ಥರು ಇದನ್ನು ಸಹಿಸಲಿಲ್ಲ. ದೇವಮಾತೆಗೆ ಸೀರೆಯೇ ಎಂದು ಸಿಡಿಮಿಡಿಗೊಂಡವರು ಸ್ವತಃ ಭಾರತೀಯರು ಎಂಬುದು ಯೋಚಿಸತಕ್ಕ ವಿಷಯ. ಫೊನ್ಸೆಕ ಗೋವಾ ಬಿಟ್ಟು ಪುಣೆಯ ಕ್ರೈಸ್ತ ಆಶ್ರಮವೊಂದರಲ್ಲಿ ನೆಲೆಸಿ ಚಿತ್ರ ಬರೆದರು. ಕಾನಾ ಊರಿಗೆ ವೆನಿಸ್ಸಿನ ರೇಷ್ಮೆ ಉಡಿಸಿದ ವೆರೊನೀಸ್ ಮಾಡಿದ್ದಕ್ಕಿಂತ ಬೇರೇನನ್ನೂ ಅವರು ಮಾಡಲಿಲ್ಲ. ಆದರೆ ವೆನಿಸ್ಸಿನ ರೇಷ್ಮೆ ಹಳೆಯದಾಗಿ ಪವಿತ್ರವಾಗಿತ್ತು, ಸೀರೆಗೆ ಇನ್ನೂ ಆ ಹಳತನ ಬಂದಿರಲಿಲ್ಲ.

1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಜನಭಾಷೆಗೆ ಬಂತು. ದೇಶೀಯ ಕಲೆಗೂ ಬಾಗಿಲು ತೆರೆಯಿತು. ಪದ್ಮಾಸನದಲ್ಲಿ ಕುಳಿತ ಕ್ರಿಸ್ತ, ಕಮಲ, ದೀಪ, ಓಂಕಾರಗಳು ಕಾಣಿಸಿಕೊಂಡವು. ಆಗ ಎದ್ದದ್ದು ಇನ್ನೂ ಹರಿತವಾದ ಪ್ರಶ್ನೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರದ ಚರ್ಚೆ ಆರಂಭವಾಯಿತೆನ್ನುತ್ತಾರೆ. ಭಾರತದ ಕ್ರೈಸ್ತರಲ್ಲಿ ದೊಡ್ಡ ಪಾಲು ದಲಿತರು, ಆದಿವಾಸಿಗಳು. ಗುಡಿಯೊಳಗೆ ಯಾರನ್ನು ಬಿಡುತ್ತಿರಲಿಲ್ಲವೋ ಅವರಿಗೆ ಗರ್ಭಗುಡಿಯ ಸಂಕೇತಗಳನ್ನೇ ತಂದುಕೊಟ್ಟು ಇದು ನಿಮ್ಮ ಭಾರತೀಯತೆ ಎಂದರೆ ಅವರು ಒಪ್ಪಬೇಕೇ? ಯಾವ ಭಾರತದ ಯೇಸು, ಯಾರ ಭಾರತದ ಯೇಸು ಎಂಬ ಈ ಪ್ರಶ್ನೆಯನ್ನು ಯಾವ ಪ್ರಾಮಾಣಿಕ ಕಲಾವಿದನೂ ದಾಟಿ ಹೋಗಲಾರ.

ಬೆಂಗಳೂರಿನ ಹೊರವಲಯದ ಸಿಲ್ವೆಪುರದಲ್ಲಿ ನೆಲೆಸಿದ ಜ್ಯೋತಿ ಸಾಹಿ ಅವರ ‘ದಲಿತ ಮಡೊನ್ನಾ’ ಎಂಬ ಚಿತ್ರ ಇಲ್ಲಿ ನೆನಪಾಗುತ್ತದೆ. ಮಡೊನ್ನಾ ಎಂದರೆ ಮಗುವನ್ನೆತ್ತಿದ ಮರಿಯ. ಈ ಚಿತ್ರದ ತಾಯಿ-ಮಗುವಿನ ಹಿಂದಿರುವ ಕಲ್ಪನೆ ನಮ್ಮ ಅಡುಗೆಮನೆಯ ರುಬ್ಬುವ ಕಲ್ಲಿನದು. ಗುಂಡಿಯಿರುವ ಒರಳು ತಾಯಿ. ಅದರೊಳಗೆ ಬೀಜದಂತೆ ಕೂರುವ ಗುಂಡುಕಲ್ಲು ಮಗು. ಇಲ್ಲಿ ಸಿಂಹಾಸನವೂ ಇಲ್ಲ, ಪದ್ಮಪೀಠವೂ ಇಲ್ಲ. ದುಡಿಮೆಯ ಕಲ್ಲೇ ದೇವಮಾತೆಯಾಗಿದೆ. ಕೊಟ್ಟಿಗೆಯಲ್ಲಿ ಹುಟ್ಟಿ, ಬಡಗಿಯ ಮನೆಯಲ್ಲಿ ಬೆಳೆದವನ ಕಥೆಗೆ ಇದು ಬಹಳ ಹತ್ತಿರದ್ದೆಂದು ನನಗೆ ತೋರುತ್ತದೆ.

ಮಿತ್ರರೇ, ಹಾಗಾದರೆ ಮೊಸ್ಕೇನಿಯ ಚಿತ್ರಗಳನ್ನು ಪರದೇಶದವೆಂದು ಬದಿಗಿಡಬೇಕೇ? ಖಂಡಿತ ಬೇಡ. ಅವರು ತಮಗೆ ಗೊತ್ತಿದ್ದ ಜನರ ಮುಖದಲ್ಲಿ ದೇವರನ್ನು ಕಂಡರು. ಅದು ಪ್ರಾಮಾಣಿಕತೆ. ತಪ್ಪಾಗುವುದು ಆ ಒಂದು ಮುಖವೇ ನಿಜವಾದ ಮುಖ, ಉಳಿದವೆಲ್ಲ ಅಪಚಾರ ಎಂದು ನಾವು ಹಟ ಹಿಡಿದಾಗ. ಚಿತ್ರವೂ ಒಂದು ಅನುವಾದ. ಒಳ್ಳೆಯ ಅನುವಾದ ಬಂತೆಂದು ಮುಂದಿನ ಅನುವಾದವನ್ನು ಯಾರೂ ನಿಲ್ಲಿಸುವುದಿಲ್ಲ.

ಆ ಹುಡುಗ ಇಂದು ಎಲ್ಲಿದ್ದಾನೋ ತಿಳಿಯದು. ಸಿಕ್ಕರೆ ಇಷ್ಟು ಹೇಳುತ್ತೇನೆ: ಇಲ್ಲಪ್ಪ, ಯೇಸು ಹೀಗೆ ಇದ್ದನೆಂದು ಯಾರೂ ಹೇಳಲಾರರು. ಬೆರ್ಗಾಮೊದವನೊಬ್ಬ ತನ್ನ ಊರಿನವರ ಮುಖ ನೋಡಿ ಬರೆದ. ನೀನು ನಾಳೆ ಬರೆಯುವುದಾದರೆ ಮೊದಲು ನಿನ್ನ ಓಣಿಯಲ್ಲಿ ಒಮ್ಮೆ ನಡೆದು ಬಾ.