ಸೊಪ್ಪಿನಜ್ಜಿಯ ಕಟ್ಟು

ಬೆಳಗ್ಗೆ ಏಳೂವರೆ ಆಯಿತೆಂದರೆ ಗೋವಿಂದರಾಜನಗರದ ನಮ್ಮ ಬೀದಿಯಲ್ಲಿ ಒಂದು ಕೂಗು ಕೇಳುತ್ತದೆ. "ಸೊಪ್ಪೋ... ದಂಟು, ಮೆಂತ್ಯ, ಸಬ್ಬಸಿಗೆ, ಪಾಲಾಕ್!" ಮಾಗಡಿ ರಸ್ತೆಯ ಕಡೆಯಿಂದ ತಳ್ಳುಗಾಡಿ ನೂಕಿಕೊಂಡು ಬರುವ ಅಜ್ಜಿಯ ದನಿ ಅದು. ಮೊನ್ನೆ ಗಾಡಿಯ ಮುಂದೆ ನಾನೂ ಪಕ್ಕದ ಮನೆಯ ಪುಟ್ಟಿಯೂ ನಿಂತಿದ್ದೆವು. ಪುಟ್ಟಿಗೆ ನಾಲ್ಕನೆಯ ತರಗತಿ. ಅವಳ ಚಿಕ್ಕಮ್ಮನಿಗೆ ಈಗ ಐದು ತಿಂಗಳು. ಅಜ್ಜಿಗೆ ಇದೆಲ್ಲ ಗೊತ್ತು. ಕೇಳದೆಯೇ ಒಂದು ಕಟ್ಟು ಹೆಚ್ಚು ಹಾಕಿ, "ಬಸುರಿ ಇರೋ ಮನೆ, ತಗಳವ್ವಾ. ಕೂಸಿಗೆ ಬುದ್ಧಿ ಬರ್ತದೆ" ಎಂದರು.

ಗಾಡಿ ಮುಂದೆ ಹೋದ ಮೇಲೆ ಪುಟ್ಟಿ ನನ್ನನ್ನು ಹಿಡಿದಳು. "ತಾತ, ಸೊಪ್ಪು ತಿನ್ನೋದು ಚಿಕ್ಕಮ್ಮ. ಪಾಪುಗೆ ಹೇಗೆ ಬುದ್ಧಿ ಬರುತ್ತೆ? ಅದು ಇನ್ನೂ ಹುಟ್ಟೇ ಇಲ್ಲವಲ್ಲ!"

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಮುಂಬಯಿಗೂ ಹೋಗಬೇಕು, ಮೈಸೂರಿಗೂ ಹೋಗಬೇಕು.

ಮೊದಲು ಮುಂಬಯಿ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರು ಬಸುರಿಯಾದಾಗ ರಕ್ತ ಕಡಿಮೆಯಾಗಿ ಬಿಳಿಚಿಕೊಳ್ಳುತ್ತಿದ್ದರು. ರೋಗಾಣುವಿನಿಂದ ಬಂದ ಕಾಯಿಲೆ ಇರಬಹುದೆ? ಲೂಸಿ ವಿಲ್ಸ್ ಹುಡುಕಿದರು, ಸಿಗಲಿಲ್ಲ. ಆಗ ಅವರ ಕಣ್ಣು ಈ ಹೆಂಗಸರ ತಟ್ಟೆಯ ಮೇಲೆ ಬಿತ್ತು. ಅದರಲ್ಲಿ ಸೊಪ್ಪು, ತರಕಾರಿ, ಹಣ್ಣು ತೀರಾ ಕಡಿಮೆ. ಕೋತಿಗಳಿಗೂ ಅಂಥದ್ದೇ ಊಟ ಕೊಟ್ಟು ನೋಡಿದರು. ಅವಕ್ಕೂ ರಕ್ತ ಕಡಿಮೆಯಾಯಿತು. ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟ್ ಇದೆಯಲ್ಲ, ಅದರಿಂದ ಮಾಡಿದ ಮಾರ್ಮೈಟ್ ಎಂಬ ಕಪ್ಪು ಲೇಹ್ಯವನ್ನು ಕೊಟ್ಟಾಗ ಕೋತಿಗಳೂ ಚೇತರಿಸಿಕೊಂಡವು, ತಾಯಂದಿರೂ ಚೇತರಿಸಿಕೊಂಡರು. ಅದರಲ್ಲಿ ಏನೋ ಇದೆ ಎಂಬುದು ಖಚಿತವಾಯಿತು. ಆ 'ಏನೋ' ಏನೆಂದು ಗೊತ್ತಾಗಲು ಇನ್ನೂ ಹತ್ತು ವರ್ಷ ಹಿಡಿಯಿತು. 1941ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಮೂವರು ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪನ್ನು ಅರೆದು, ಸೋಸಿ, ಅದರಿಂದ ಚೂರೇ ಚೂರು ವಸ್ತುವನ್ನು ಬೇರ್ಪಡಿಸಿದರು. ನಾಲ್ಕು ಟನ್! ನಮ್ಮ ಅಜ್ಜಿಯ ಗಾಡಿಗಳು ಎಷ್ಟು ಬೇಕಾದಾವು, ನೀವೇ ಲೆಕ್ಕ ಹಾಕಿ. ಲ್ಯಾಟಿನ್ ಭಾಷೆಯಲ್ಲಿ ಎಲೆಗೆ 'ಫೋಲಿಯಂ' ಎನ್ನುತ್ತಾರೆ. ಅದರಿಂದಲೇ ಈ ವಸ್ತುವಿಗೆ ಫೋಲಿಕ್ ಆಮ್ಲ ಎಂಬ ಹೆಸರು ಬಂತು. ಸೊಪ್ಪಿನಲ್ಲಿ ಸಹಜವಾಗಿ ಇರುವುದನ್ನು ಫೋಲೇಟ್ ಎನ್ನುತ್ತೇವೆ.

ಇದರ ಕೆಲಸವೇನು? ಮಗು ಎಂದರೆ ಮೊದಲಿಗೆ ಒಂದೇ ಒಂದು ಜೀವಕೋಶ. ಅದು ಎರಡಾಗಬೇಕು, ಎರಡು ನಾಲ್ಕಾಗಬೇಕು. ಪ್ರತಿ ಸಲವೂ ಒಳಗಿನ ಡಿಎನ್‌ಎ ಎಂಬ ಬರಹವನ್ನು ಪೂರ್ತಿ ನಕಲು ಮಾಡಬೇಕು. ಪರೀಕ್ಷೆಯ ಹಿಂದಿನ ದಿನ ಜೆರಾಕ್ಸ್ ಅಂಗಡಿಯ ಮುಂದೆ ನೂಕುನುಗ್ಗಲು ಇರುತ್ತದಲ್ಲ, ಹಾಗೆ. ಆ ಹೊತ್ತಿನಲ್ಲಿ ಕಾಗದ ಮುಗಿದರೆ ಗತಿಯೇನು? ನಕಲು ಮಾಡಲು ಬೇಕಾದ ಸಾಮಗ್ರಿಯನ್ನು ಒದಗಿಸುವುದರಲ್ಲಿ ಫೋಲೇಟಿನ ಪಾಲಿದೆ.

ಮಿದುಳಂತೂ ತುಂಬಾ ಬೇಗ ಕೆಲಸ ಶುರುಮಾಡುತ್ತದೆ. ಟಿಫಿನ್ ಡಬ್ಬಿಗೆ ಅಮ್ಮ ಚಪಾತಿಯನ್ನು ಸುರುಳಿ ಸುತ್ತಿ ಇಡುತ್ತಾರಲ್ಲ, ಹಾಗೆಯೇ ಪುಟ್ಟ ಹಾಳೆಯಂಥ ಪದರವೊಂದು ಬಾಗಿ, ಅಂಚಿಗೆ ಅಂಚು ಕೂಡಿ, ಕೊಳವೆಯಾಗುತ್ತದೆ. ಈ ಕೊಳವೆಯೇ ಮುಂದೆ ಮಿದುಳು ಮತ್ತು ಬೆನ್ನುಹುರಿ. ಅದು ಮುಚ್ಚಿಕೊಳ್ಳುವುದು ಸುಮಾರು 28ನೆಯ ದಿನದ ಹೊತ್ತಿಗೆ. ಎಷ್ಟೋ ತಾಯಂದಿರಿಗೆ ತಾವು ಬಸುರಿ ಎಂಬುದೇ ಆಗ ಗೊತ್ತಿರುವುದಿಲ್ಲ! ಅದಕ್ಕೇ ವೈದ್ಯರು ಮಗು ಬೇಕೆನ್ನುವವರಿಗೆ ಮೊದಲೇ ಫೋಲಿಕ್ ಆಮ್ಲದ ಮಾತ್ರೆ ಕೊಡುವುದು.

"ಹಾಗಾದರೆ ಅಜ್ಜಿ ಹೇಳಿದ್ದು ನಿಜವಾ?" ಎಂದಳು ಪುಟ್ಟಿ.

ಅದನ್ನು ನೋಡಲು ಮೈಸೂರಿಗೆ ಹೋಗೋಣ. ಅಲ್ಲಿ ಎಲ್ಲರೂ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಇದೆ. ಅಲ್ಲಿ 1934ರಿಂದಲೂ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಅಳೆದು ದಪ್ಪ ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ಆ ಪುಸ್ತಕಗಳು ಮುಂದೆ ವಿಜ್ಞಾನಕ್ಕೆ ನಿಧಿಯಾಗುತ್ತವೆ ಎಂದು ಅಳತೆ ಬರೆದ ನರ್ಸಮ್ಮಂದಿರಿಗೆ ಹೊಳೆದಿತ್ತೋ ಇಲ್ಲವೋ! ಅಂದಿನ ಕೂಸುಗಳು ಇಂದು ಅಜ್ಜ ಅಜ್ಜಿಯರು. ಅವರ ನೆನಪಿನ ಶಕ್ತಿ ಹೇಗಿದೆ ಎಂದು ಸಂಶೋಧಕರು ಅವರನ್ನೇ ಹುಡುಕಿಕೊಂಡು ಹೋಗಿ ನೋಡುತ್ತಿದ್ದಾರೆ.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಇನ್ನೊಂದು ಅಧ್ಯಯನ ಶುರುವಾಯಿತು. ಬಸುರಿಯರ ರಕ್ತದಲ್ಲಿ ಫೋಲೇಟ್ ಎಷ್ಟಿದೆ, ವಿಟಮಿನ್ ಬಿ12 ಎಷ್ಟಿದೆ ಎಂದು ಅಳೆದರು. ಆಮೇಲೆ ಕಾದರು. ವಿಜ್ಞಾನದಲ್ಲಿ ಕಾಯುವುದೂ ಒಂದು ಕೆಲಸ. ಮಕ್ಕಳು ಹುಟ್ಟಿ, ಒಂಬತ್ತು ಹತ್ತು ವರ್ಷದವರಾದಾಗ, ಅಂದರೆ ಪುಟ್ಟಿಯ ವಯಸ್ಸಿಗೆ ಬಂದಾಗ, ಐನೂರಕ್ಕೂ ಹೆಚ್ಚು ಮಕ್ಕಳನ್ನು ಕೂರಿಸಿಕೊಂಡು ಆಟದಂಥ ಪರೀಕ್ಷೆಗಳನ್ನು ಕೊಟ್ಟರು. ಒಂದರ ಹೆಸರು ಅಟ್ಲಾಂಟಿಸ್. ಅದರಲ್ಲಿ ಮೀನು, ಚಿಪ್ಪು, ಗಿಡಗಳ ಚಿತ್ರಗಳಿಗೆ ಅರ್ಥವೇ ಇಲ್ಲದ ಹೆಸರುಗಳನ್ನು ಹೇಳಿಕೊಡುತ್ತಾರೆ. ಆಮೇಲೆ ಹೆಸರು ಹೇಳಿ, ಯಾವ ಚಿತ್ರ ತೋರಿಸು ಎನ್ನುತ್ತಾರೆ.

ತಾಯಿಯ ರಕ್ತದಲ್ಲಿ ಫೋಲೇಟ್ ಚೆನ್ನಾಗಿದ್ದಾಗ ಮಕ್ಕಳ ಅಂಕವೂ ತುಸು ಹೆಚ್ಚಿತ್ತು. ಮನೆಯ ಅನುಕೂಲ, ತಂದೆತಾಯಿಯ ಓದು ಇವುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ವ್ಯತ್ಯಾಸ ಉಳಿಯಿತು. ಬಿ12ಕ್ಕೆ ಮಾತ್ರ ಇಲ್ಲಿ ಅಂಥ ನಂಟು ಕಾಣಲಿಲ್ಲ. 'ತುಸು' ಎಂದೆ, ಗಮನಿಸಿದಿರಾ? ಸೊಪ್ಪು ತಿಂದ ತಾಯಿಯ ಮಕ್ಕಳೆಲ್ಲ ಸರ್ ಎಂ. ವಿಶ್ವೇಶ್ವರಯ್ಯ ಆಗುತ್ತಾರೆ, ತಿನ್ನದವರ ಮಕ್ಕಳು ದಡ್ಡರಾಗುತ್ತಾರೆ ಎಂದಲ್ಲ. ಯಾರಾದರೂ ಹಾಗೆ ಹೇಳಿದರೆ ನಂಬಬೇಡಿ. ಪಾಠ, ಆಟ, ನಿದ್ದೆ, ಮನೆಯವರ ಮಾತು ಎಲ್ಲವೂ ಸೇರಿ ಮಿದುಳನ್ನು ಬೆಳೆಸುತ್ತವೆ.

ಹುಟ್ಟಿದ ಮೇಲೂ ಕಟ್ಟಡದ ಕೆಲಸ ನಿಲ್ಲುವುದಿಲ್ಲ. ಹುಟ್ಟಿದಾಗ ಮಿದುಳಿನ ತೂಕ ಸುಮಾರು 350 ಗ್ರಾಂ. ಎರಡು ವರ್ಷ ತುಂಬುವ ಹೊತ್ತಿಗೆ ಅದು ದೊಡ್ಡವರ ಮಿದುಳಿನ ಸುಮಾರು ನೂರಕ್ಕೆ 80ರಷ್ಟು ಆಗಿಬಿಟ್ಟಿರುತ್ತದೆ. ಬಸಿರಿನ 270 ದಿನ, ಆಮೇಲಿನ ಎರಡು ವರ್ಷದ 730 ದಿನ, ಕೂಡಿಸಿ ನೋಡಿ. ಸರಿಯಾಗಿ ಸಾವಿರ. ಬಾಲವಾಡಿಗೆ ಹೋಗುವ ವಯಸ್ಸಿನಲ್ಲಂತೂ ಮಗು ತಿಂದ ಊಟದ ಶಕ್ತಿಯಲ್ಲಿ ಹೆಚ್ಚೂಕಡಿಮೆ ಅರ್ಧ ಮಿದುಳಿಗೇ ಬೇಕು! ತಲೆಗೆ ಅಷ್ಟು ಹಸಿವು.

ಈ ಸಾವಿರ ದಿನಗಳಲ್ಲಿ ಕಬ್ಬಿಣದ ಅಂಶವೂ ಬೇಕು. ಮಿದುಳಿನ ಒಳಗಿನ ತಂತಿಗಳಿಗೆ ಕೊಬ್ಬಿನ ಹೊದಿಕೆ ಸುತ್ತಿಕೊಳ್ಳುತ್ತದೆ, ಮನೆಯ ಕರೆಂಟ್ ವೈರ್‌ಗೆ ಪ್ಲಾಸ್ಟಿಕ್ ಇರುವ ಹಾಗೆ. ಹೊದಿಕೆ ಇದ್ದರೆ ಸಂದೇಶ ಸರ್ರನೆ ಓಡುತ್ತದೆ. ಆ ಹೊದಿಕೆ ಸುತ್ತಲು ಕಬ್ಬಿಣಾಂಶ ಬೇಕು. ಅದು ತೀರಾ ಕಡಿಮೆಯಾದರೆ ಮಗುವಿನ ನಡವಳಿಕೆಯೇ ಬೇರೆಯಾಗುತ್ತದೆ. ಕೋಸ್ಟರಿಕಾ ದೇಶದಲ್ಲಿ ಬೆಟ್ಸಿ ಲೋಜಾಫ್ ಎಂಬ ವೈದ್ಯೆ ನೋಡಿದ ಅಂಥ ಕೂಸುಗಳು ಹೊಸಬರನ್ನು ಕಂಡರೆ ಹಿಂಜರಿಯುತ್ತಿದ್ದವು, ಆಟಕ್ಕೆ ಇಳಿಯದೆ ತಾಯಿಗೆ ಅಂಟಿಕೊಂಡಿರುತ್ತಿದ್ದವು. ನಮ್ಮಲ್ಲಿ ಸುಮ್ಮನೆ ಕೂತ ಕೂಸನ್ನು "ಎಷ್ಟು ಸಾಧು, ಒಂಚೂರೂ ಹಟ ಇಲ್ಲ" ಎಂದು ಹೊಗಳುವುದುಂಟು. ಹಲವು ಮಕ್ಕಳು ನಿಜವಾಗಿ ಸಾಧುಗಳೇ. ಕೆಲವರದು ಮಾತ್ರ ಸಾಧುತನವಲ್ಲ, ನಿತ್ರಾಣ. ಅಂಗನವಾಡಿ ಟೀಚರ್ ಕೂಸನ್ನು ತಕ್ಕಡಿಯಲ್ಲಿಟ್ಟು ತೂಕ ಬರೆದುಕೊಳ್ಳುವುದು ಸುಮ್ಮನೆ ಅಲ್ಲ. ಪುಟ್ಟಿ ಮೂಗು ಮುಚ್ಚಿಕೊಂಡು ನುಂಗುವ ಶಾಲೆಯ ಗುಲಾಬಿ ಮಾತ್ರೆಯಲ್ಲಿ ಇರುವುದೂ ಇವೇ ಎರಡು: ಕಬ್ಬಿಣ, ಫೋಲಿಕ್ ಆಮ್ಲ.

ಅಷ್ಟರಲ್ಲಿ ಚಿಕ್ಕಮ್ಮ ಒಳಗೆ ದಂಟಿನ ಸೊಪ್ಪು ಬೇಯಿಸಿ ಬಸಿಯುತ್ತಿದ್ದರು. ಫೋಲೇಟ್ ನೀರಿನಲ್ಲಿ ಕರಗುತ್ತದೆ, ಬೆಂದಾಗ ಒಂದಷ್ಟು ಹಾಳಾಗುತ್ತದೆ, ಒಂದಷ್ಟು ಬಸಿದ ನೀರಿಗೆ ಇಳಿಯುತ್ತದೆ. ಆ ನೀರನ್ನು ಚೆಲ್ಲಿದರೆ ಅದೂ ಮೋರಿಗೆ. ನಮ್ಮ ಕಡೆ ಚೆಲ್ಲುವುದಿಲ್ಲ, ಅದರಲ್ಲೇ ಬಸ್ಸಾರು ಮಾಡುತ್ತೇವೆ. ಬಸಿದ ನೀರಿಗೂ ಕಟ್ಟು ಎನ್ನುತ್ತಾರೆ, ಸೊಪ್ಪಿನ ಕಂತೆಗೂ ಕಟ್ಟು, ಮನೆ ಕಟ್ಟುವುದೂ ಕಟ್ಟು. ಕನ್ನಡದ ಈ ತಮಾಷೆ ಪುಟ್ಟಿಗೆ ಬಹಳ ಹಿಡಿಸಿತು.

ಮರುದಿನ ಅಜ್ಜಿಯ ಗಾಡಿ ಬಂದಾಗ ನಾವು ಅಟ್ಲಾಂಟಿಸ್ ಆಡಿದೆವು. ಬೆರಕೆ ಸೊಪ್ಪಿನ ರಾಶಿಯಿಂದ ಒಂದೊಂದೇ ಎಲೆ ಎತ್ತಿ ಹೆಸರು ಹೇಳುವ ಆಟ. ಪುಟ್ಟಿಗೆ ಮೂರು ಗೊತ್ತಿತ್ತು. ನಾನು ಐದಕ್ಕೆ ನಿಂತೆ. ಅಜ್ಜಿ ಗಾಡಿಗೆ ಒರಗಿಕೊಂಡು, ಬೀಡಾ ಜಗಿಯುತ್ತಾ, ಅಣ್ಣೆ, ಹೊನಗೊನ್ನೆ, ಗಣಿಕೆ, ಚಿಲಕರಿವೆ, ಗೋಣಿ, ಕಿರಕಸಾಲೆ, ಒಂದೆಲಗ ಎಂದು ಹೇಳುತ್ತಲೇ ಹೋದರು.